ಆಟಿಯಲ್ಲಿ ಗುಡುಗು: ಒಟ್ಟು ಮಳೆ ಅಷ್ಟೇ ಅಂತಾರೆ, ಹಾಗಾದರೆ ಮಳೆಗಾಲ ಯಾಕೆ ಹೀಗಾಯಿತು?

ನೀರ್ಚಾಲಿನ ಕೃಷಿಕ

ಎಲ್ಲರಿಗೂ ನಮಸ್ಕಾರ. ಮೊನ್ನೆ ರಾತ್ರಿ ಹನ್ನೊಂದರ ಹೊತ್ತಿಗೆ ನಮ್ಮಲ್ಲಿ ಗುಡುಗಿತು. ಸಣ್ಣ ಗುಡುಗಲ್ಲ, ಮಾಡಿನ ಹಂಚು ಅದುರುವಷ್ಟು. ಅಮ್ಮನೂ ಎದ್ದು ಜಗಲಿಗೆ ಬಂದರು. "ಆಟಿಯಲ್ಲಿ ಗುಡುಗುವುದುಂಟಾ ಮಗಾ?" ಅಂತ ಕೇಳಿದರು. ಆಟಿ ಅಂದರೆ ತುಳು ಲೆಕ್ಕದಲ್ಲಿ ಜುಲೈ–ಆಗಸ್ಟಿನ ತಿಂಗಳು, ಮಳೆಗಾಲದ ನಡು. ಎಂತ ಹೇಳಬೇಕು ಅಂತ ನನಗೆ ಗೊತ್ತಾಗಲಿಲ್ಲ.

ನಮ್ಮ ಅಜ್ಜ ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ದಿನಾ ಮಳೆ ಬರೆದಿಡುತ್ತಿದ್ದರು. ಅಳತೆ ಏನೂ ಇಲ್ಲ. ದಿನಕ್ಕೊಂದು ಮಾತು ಅಷ್ಟೇ. ಆಟಿ ತಿಂಗಳ ಹಾಳೆ ತೆಗೆದರೆ "ಸಾಧಾರಣ, ಸಾಧಾರಣ, ಜೋರು, ಸಾಧಾರಣ, ಸಾಧಾರಣ" ಅಂತ ಕೆಳಗಿನವರೆಗೂ ಇದೆ. ಈಗ ನಾನು ಅಂಗಳದಲ್ಲಿ ಮಳೆಮಾಪಕ ಇಟ್ಟು ಬರೆಯುತ್ತಿದ್ದೇನೆ. ನನ್ನ ಹಾಳೆಯಲ್ಲಿ "ಸಾಧಾರಣ" ಅನ್ನುವ ದಿನಗಳೇ ಕಾಣುವುದಿಲ್ಲ. ನಾಲ್ಕು ದಿನ ಸೊನ್ನೆ, ಐದನೇ ದಿನ ಪಾತ್ರೆ ತುಂಬಿ ಹೊರಗೆ ಚೆಲ್ಲಿರುತ್ತದೆ.

2025ರಲ್ಲಿ ಮಳೆಗಾಲ ಮೇ 24ಕ್ಕೇ ಬಂತು. ಸಾಧಾರಣವಾಗಿ ಕೇರಳಕ್ಕೆ ಜೂನ್ 1 ಅಂತ ಲೆಕ್ಕ. ನಾವು ಅಡಿಕೆಗೆ ಕೊಳೆರೋಗದ ಮೊದಲನೇ ಮದ್ದು ಬಿಡುವುದು ಮಳೆ ಹಿಡಿಯುವ ಮೊದಲು. ಮೈಲುತುತ್ತು, ಸುಣ್ಣ ತಂದಿಟ್ಟಾಗಿತ್ತು. ಮದ್ದು ಬಿಡುವವರು 26ಕ್ಕೆ ಬರುವುದಾಗಿ ಹೇಳಿದ್ದರು. ಆಮೇಲೆ ಗೊನೆ ಒಣಗುವಷ್ಟು ಬಿಡುವು ಸಿಗಲೇ ಇಲ್ಲ. ಆ ವರ್ಷ ತೋಟದ ಬುಡದಲ್ಲಿ ಕೊಳೆತು ಬಿದ್ದ ಹಸಿ ಅಡಿಕೆ ಹೆಕ್ಕುವಾಗ ಅಮ್ಮ ಒಂದು ಮಾತೂ ಆಡಲಿಲ್ಲ.

ನಮ್ಮ ಕಾಸರಗೋಡು ಜಿಲ್ಲೆಗೆ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಒಟ್ಟು ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಹಾಗಾದರೆ ಬದಲಾದದ್ದು ಎಂತ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ವರ್ಕಾಡಿಯ ಹಳಬ

ನನಗೆ 72 ವರ್ಷ. ಮಳೆ ಯಾವತ್ತೂ ನಾವು ಹೇಳಿದ ಹಾಗೆ ಬಂದದ್ದಿಲ್ಲ. 1923ರಲ್ಲಿ ನೇತ್ರಾವತಿಯ ನೆರೆಗೆ ಬಂಟ್ವಾಳ, ಪಾಣೆಮಂಗಳೂರು ಮುಳುಗಿದ ಕಥೆ ನಮ್ಮ ಹಿರಿಯರು ಹೇಳುತ್ತಿದ್ದರು. ಅದರ ಮರುವರ್ಷವೇ ತೆಂಕು ಕೇರಳದಲ್ಲಿ "ತೊಂಬತ್ತೊಂಬತ್ತರ ನೆರೆ" (ಮಲಯಾಳಿಗಳ ಕೊಲ್ಲವರ್ಷ 1099). ಆಗ ಕಾರು, ಕಾರ್ಖಾನೆ ಎಷ್ಟಿತ್ತು? ಈಗ ಒಂದು ದಿನ ಜೋರು ಮಳೆ ಬಂದರೂ ಹವಾಮಾನ ಬದಲಾವಣೆ ಅನ್ನುತ್ತಾರೆ. ಗುಡ್ಡೆ ಕಡಿದು ರಸ್ತೆ ಮಾಡಿದ್ದು, ಗದ್ದೆಗೆ ಮಣ್ಣು ತುಂಬಿಸಿದ್ದು ಯಾರೂ ಹೇಳುವುದಿಲ್ಲ. ಕೃಷಿಕರ ನಷ್ಟಕ್ಕೆ ನನಗೂ ಬೇಸರ ಉಂಟು. ಆದರೆ ಕಾರಣ ಸರಿಯಾಗಿ ಹುಡುಕಬೇಕು, ಅಲ್ವಾ?

ಕುಂಬಳೆ ಟೀಚರ್

ಹಿರಿಯರು ಹೇಳಿದ ಗುಡ್ಡೆ, ಗದ್ದೆಯ ಮಾತು ನೂರಕ್ಕೆ ನೂರು ಸತ್ಯ. ಬಿದ್ದ ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದು ನಮ್ಮ ಕೈಯಲ್ಲಿದೆ. ಆದರೆ ನೀರ್ಚಾಲಿನ ತಮ್ಮ ಕೇಳಿದ್ದು ಬೀಳುವ ಮೊದಲಿನ ಕಥೆ. ಅದಕ್ಕೆ ಗಾಳಿಯ ದಾರಿ ನೋಡಬೇಕು. ನಾನು ಭೂಗೋಳ ಕಲಿಸಿದವಳು. ಎಂಟನೇ ಕ್ಲಾಸಿನ ಮಕ್ಕಳಿಗೆ ಹೇಳಿದ ಹಾಗೆಯೇ ಹೇಳುತ್ತೇನೆ, ಬೇಸರ ಮಾಡಬೇಡಿ.

ನಮ್ಮ ಮಳೆಗಾಲದ ಗಾಳಿ ಹೊರಡುವುದು ಭೂಮಧ್ಯರೇಖೆಯ ಆಚೆಯಿಂದ. ಮಾರಿಷಸ್ ದ್ವೀಪದ ತೆಂಕಿನ ಕಡಲಿನ ಮೇಲೆ ಗಾಳಿಯ ಒತ್ತಡ ಜಾಸ್ತಿ. ಅಲ್ಲಿಂದ ಗಾಳಿ ಹೊರಟು ಆಫ್ರಿಕದ ಕೀನ್ಯಾ, ಸೊಮಾಲಿಯ ಕರಾವಳಿಯ ಬದಿ ಹಿಡಿದು ರೇಖೆ ದಾಟುತ್ತದೆ. ಭೂಮಿ ತಿರುಗುವ ಕಾರಣ ಬಲಕ್ಕೆ ವಾಲುತ್ತದೆ. ಅರಬ್ಬಿ ಕಡಲಿನ ನೀರು ಕುಡಿದು ನೇರ ನಮ್ಮ ಘಟ್ಟಕ್ಕೆ ಬಂದು ಬಡಿಯುತ್ತದೆ. ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಈ ಗಾಳಿ ಒಂದು ಹೊಳೆಯ ಹಾಗೆ ಹರಿಯುತ್ತದೆ. ಇದನ್ನು 1969ರಲ್ಲಿ ಫಿಂಡ್‌ಲೇಟರ್ ಎಂಬ ವಿಜ್ಞಾನಿ ಸ್ಪಷ್ಟವಾಗಿ ತೋರಿಸಿಕೊಟ್ಟರು.

ಹೊಳೆಯಲ್ಲಿ ನೀರು ಏರಿದರೆ ನೆರೆ, ಇಳಿದರೆ ಒಣ. ಗಾಳಿಯ ಹೊಳೆಗೂ ಏರಿಳಿತ ಉಂಟು. ನಮ್ಮ ಮಳೆ ಪೂರ್ತಿ ಅದರ ಮೇಲೆ ನಿಂತಿದೆ.

ಪುಣೆಯಲ್ಲಿರುವ ಪೈವಳಿಕೆಯವ

ಟೀಚರ್, ನಿಮ್ಮ ಕ್ಲಾಸಿನಲ್ಲಿ ಕೂತ ಹಾಗೆ ಆಯಿತು. ನಾನು ಇಲ್ಲಿ ಪುಣೆಯಲ್ಲಿ ಹವಾಮಾನದ ಅಂಕಿ-ಅಂಶಗಳ ಕೆಲಸ ಮಾಡುತ್ತೇನೆ. ಮನೆ ಪೈವಳಿಕೆ. ಅಪ್ಪನದ್ದೂ ಇದೇ ಪ್ರಶ್ನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನೆಲ ಬೇಗ ಕಾಯುತ್ತದೆ, ಕಡಲು ನಿಧಾನ. ಈ ಎರಡರ ನಡುವಿನ ವ್ಯತ್ಯಾಸವೇ ಮಳೆಗಾಲದ ಗಾಳಿಯನ್ನು ಎಳೆಯುವ ಒಂದು ಮುಖ್ಯ ಹಗ್ಗ. ಈಗ ಕಡಲೇ ಬಿಸಿಯಾಗುತ್ತಿದೆ. ಹಿಂದೂ ಮಹಾಸಾಗರದ ಪಶ್ಚಿಮ ಭಾಗ, ಅಂದರೆ ನಮ್ಮ ಕಡೆಯದ್ದು, 1901ರಿಂದ 2012ರ ನಡುವೆ ಮಳೆಗಾಲದ ತಿಂಗಳುಗಳಲ್ಲಿ ಸುಮಾರು 1.2 ಡಿಗ್ರಿ ಏರಿದೆ. ಉಷ್ಣವಲಯದ ಬೇರೆ ಯಾವ ಕಡಲೂ ಇಷ್ಟು ಬೇಗ ಕಾದಿಲ್ಲ. ಕಡಲು ಕಾದರೆ ನೆಲಕ್ಕೂ ಅದಕ್ಕೂ ವ್ಯತ್ಯಾಸ ಕಮ್ಮಿಯಾಗುತ್ತದೆ. ಹೊಗೆ, ಧೂಳು ಬಿಸಿಲನ್ನು ತಡೆದು ನೆಲ ಕಾಯುವುದನ್ನೂ ತಗ್ಗಿಸಿವೆ. ಸರಾಸರಿ ನೋಡಿದರೆ 20ನೇ ಶತಮಾನದ ಎರಡನೇ ಅರ್ಧದಲ್ಲಿ ಮಳೆಗಾಲದ ಗಾಳಿ ಸೋತಿದೆ.

ಹಾಗಾದರೆ ಮಳೆ ಕಮ್ಮಿಯಾಗಬೇಕಲ್ಲ, ನೆರೆ ಯಾಕೆ? ವಿಷಯ ಇರುವುದು ಇಲ್ಲೇ. ಸರಾಸರಿ ಗಾಳಿ ಸೋತರೂ ಅದರ ಏರಿಳಿತ ಹೆಚ್ಚಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಜೊತೆಗಾರರು 2017ರಲ್ಲಿ ಇದನ್ನು ತೋರಿಸಿದರು. 1950ರಿಂದ 2015ರೊಳಗೆ ಮಧ್ಯ ಭಾರತದಲ್ಲಿ ವಿಸ್ತಾರವಾಗಿ ಸುರಿಯುವ ಅತಿ ಜೋರು ಮಳೆಯ ಘಟನೆಗಳು ಮೂರು ಪಟ್ಟಾಗಿವೆ. ಕಾರಣ, ಅರಬ್ಬಿ ಕಡಲಿನ ಮೇಲಿನ ಪಡುಗಾಳಿ ಈಗ ಸಮವಾಗಿ ಬೀಸುವುದಿಲ್ಲ, ನುಗ್ಗಿ ನುಗ್ಗಿ ಬರುತ್ತದೆ. ಆ ಮೂರು ಪಟ್ಟಿನ ಲೆಕ್ಕ ಮಧ್ಯ ಭಾರತದ್ದು, ಕಾಸರಗೋಡಿನದ್ದಲ್ಲ. ಆದರೆ ಆ ಗಾಳಿ ದಾಟಿ ಬರುವ ಕಡಲು ನಮ್ಮದೇ.

ಇದರ ಮೇಲೆ ಇನ್ನೊಂದು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7% ಜಾಸ್ತಿ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಇದರಲ್ಲಿ ಯಾರಿಗೂ ಜಗಳ ಇಲ್ಲ. ಹಾಗಾಗಿ ಹಳೆ ಕಾಲದಷ್ಟೇ ಜೋರಾಗಿ ಗಾಳಿ ನುಗ್ಗಿದರೂ ಈಗ ಅದು ಹೊತ್ತು ತರುವ ನೀರು ಜಾಸ್ತಿ.

ವರ್ಕಾಡಿಯ ಅಣ್ಣನಿಗೆ: 1923ರ ನೆರೆ, 1924ರ ನೆರೆ ಎರಡೂ ನಿಜ. ಏರಿಳಿತ ಮೊದಲೂ ಇತ್ತು. ನಮ್ಮ ತೋಡಿನ ಕಟ್ಟ ನೆನಪು ಮಾಡಿಕೊಳ್ಳಿ. ಕಟ್ಟದಲ್ಲಿ ಮೊದಲೇ ಒಂದು ಅಡಿ ನೀರು ಜಾಸ್ತಿ ನಿಂತಿದ್ದರೆ, ಹೋದ ಸಲದಷ್ಟೇ ಮಳೆ ಬಂದರೂ ಈ ಸಲ ಕಟ್ಟ ಮೀರಿ ಹರಿಯುತ್ತದೆ. ಮಳೆಯನ್ನು ಹುಟ್ಟಿಸಿದ್ದು ಆ ಒಂದು ಅಡಿ ಅಲ್ಲ, ಆದರೆ ಕಟ್ಟ ಮೀರಿಸಿದ್ದು ಅದೇ.

ವರ್ಕಾಡಿಯ ಹಳಬ

ಕಟ್ಟದ ಮಾತು ಮನಸ್ಸಿಗೆ ಹೋಯಿತು. ಆದರೆ ಒಂದು ಅಡಿ ಜಾಸ್ತಿ ಇತ್ತು ಅಂತ ನಿಮಗೆ ಹೇಗೆ ಗೊತ್ತು? ಯಾರು ಅಳೆದು ನೋಡಿದ್ದು?

ಪುಣೆಯಲ್ಲಿರುವ ಪೈವಳಿಕೆಯವ

ಒಳ್ಳೆ ಪ್ರಶ್ನೆ ಅಣ್ಣ. ಕಂಪ್ಯೂಟರಿನಲ್ಲಿ ಎರಡು ಭೂಮಿ ಇಟ್ಟುಕೊಳ್ಳುತ್ತಾರೆ. ಒಂದು ಈಗಿನಂತೆ ಬಿಸಿಯಾದದ್ದು, ಇನ್ನೊಂದು ನಾವು ಹೊಗೆ ಬಿಡುವ ಮೊದಲಿನದ್ದು. ಎರಡರಲ್ಲೂ ಹಲವು ಸಲ ಮಳೆಗಾಲ ನಡೆಸಿ ನೋಡುತ್ತಾರೆ. ಅಳೆದ ಮಳೆಯ ಹಳೆ ದಾಖಲೆಗಳ ಜೊತೆ ತಾಳೆ ಹಾಕುತ್ತಾರೆ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಜಾರಿತಲ್ಲ, ಅದರ ಹಿಂದಿನ ಮಳೆಯನ್ನು ಹೀಗೆ ಪರೀಕ್ಷಿಸಿದರು. ಒಂದೇ ದಿನದಲ್ಲಿ 140 ಮಿ.ಮೀ.ಗಿಂತ ಜಾಸ್ತಿ ಸುರಿದ ಆ ಮಳೆ, ಭೂಮಿ ಬಿಸಿಯಾದ ಕಾರಣ ಸುಮಾರು 10% ಜೋರಾಯಿತು ಅಂತ ಲೆಕ್ಕ ಬಂತು.

ಹತ್ತು ಅಂದರೆ ಸಣ್ಣದು ಅನ್ನಿಸಬಹುದು. ನೆನೆದು ನಿಂತ ಗುಡ್ಡಕ್ಕೆ ಅದು ಸಣ್ಣದಲ್ಲ.

ಕುಂಬಳೆ ಟೀಚರ್

ಆ ಹತ್ತರ ತೂಕ ಹೀಗೆ ನೋಡಿ. ಒಂದು ಎಕರೆ ಜಾಗದಲ್ಲಿ 100 ಮಿ.ಮೀ. ಮಳೆ ಬಿದ್ದರೆ ಸುಮಾರು ನಾಲ್ಕು ಲಕ್ಷ ಲೀಟರ್ ನೀರು. ಅದರ ಮೇಲೆ 10% ಅಂದರೆ ಇನ್ನೂ ನಲವತ್ತು ಸಾವಿರ ಲೀಟರ್. ಅದೂ ಒಂದೇ ಎಕರೆಗೆ, ಒಂದೇ ದಿನದಲ್ಲಿ.

ಅಡೂರು ಗುಡ್ಡೆಮನೆ

ನಾನು ಇಲ್ಲಿ ಬರೆಯುವುದು ಇದೇ ಮೊದಲು. ನಮ್ಮ ಮನೆಗೆ ಕುಡಿಯುವ ನೀರು, ತೋಟದ ನೀರು ಎಲ್ಲ ಸುರಂಗದ್ದು. ಮಾವನ ಅಪ್ಪ ಅಗೆಸಿದ್ದು. ಮುರಕಲ್ಲಿನ ಗುಡ್ಡೆಯ ಹೊಟ್ಟೆಯೊಳಗೆ ಅಡ್ಡಕ್ಕೆ ಕೊರೆದು ಹೋಗಿದ್ದಾರೆ. ಬಾಯಿಯಲ್ಲಿ ಒಂದು ದಂಬೆ ಇಟ್ಟಿದ್ದೇವೆ. ಅದರಿಂದ ನೀರು ಟ್ಯಾಂಕಿಗೆ ಬೀಳುತ್ತದೆ. ರಾತ್ರಿ ಮಲಗಿದಲ್ಲಿಗೆ ಆ ಶಬ್ದ ಕೇಳುತ್ತದೆ.

ಮಳೆ ಜೋರಾದರೆ ಸುರಂಗಕ್ಕೆ ಒಳ್ಳೆಯದು ಅಂತ ಪೇಟೆಯವರು ತಿಳಿಯುತ್ತಾರೆ. ಹಾಗಲ್ಲ. ಗುಡ್ಡೆ ನೀರು ಕುಡಿಯುವುದು ನಿಧಾನ. ದಿನಾ ಸಾಧಾರಣ ಮಳೆ ಬಂದರೆ ಇಳಿದು ಇಳಿದು ಒಳಗೆ ಸೇರುತ್ತದೆ. ಒಂದೇ ರಾತ್ರಿ ಹುಚ್ಚು ಹಿಡಿದ ಹಾಗೆ ಸುರಿದರೆ ಕೆಂಪು ನೀರಾಗಿ ತೋಡಿಗೆ, ತೋಡಿನಿಂದ ಪಯಸ್ವಿನಿಗೆ, ಅಲ್ಲಿಂದ ಕಡಲಿಗೆ. 2023ರ ಆಗಸ್ಟಿನಲ್ಲಿ ಮಳೆಯೇ ಬರಲಿಲ್ಲ ನೋಡಿ. ಮುಂದಿನ ಫೆಬ್ರವರಿ ಕೊನೆಗೆ ದಂಬೆಯ ನೀರು ನೂಲಿನಷ್ಟು ಸಪೂರ ಆಯಿತು. ಏಪ್ರಿಲಿನಲ್ಲಿ ಬರೀ ತೊಟ್ಟಿಕ್ಕುತ್ತಿತ್ತು. ಒಂದು ಕೊಡ ತುಂಬುವಷ್ಟು ಹೊತ್ತಿಗೆ ನಾನು ಅಕ್ಕಿ ತೊಳೆದು ಒಲೆಗೆ ಇಟ್ಟು ಬಂದಿದ್ದೇನೆ.

ನಮಗೆ ವರ್ಷದ ಒಟ್ಟು ಲೆಕ್ಕದಿಂದ ಉಪಯೋಗ ಇಲ್ಲ. ಮಳೆ ಎಷ್ಟು ದಿನಕ್ಕೆ ಹಂಚಿ ಬಂತು ಅನ್ನುವುದೇ ಮುಖ್ಯ. 2023ರಲ್ಲಿ ಆದದ್ದು ಯಾಕೆ ಅಂತ ಯಾರಾದರೂ ಹೇಳಬಹುದಾ?

ಪುಣೆಯಲ್ಲಿರುವ ಪೈವಳಿಕೆಯವ

ಅಕ್ಕ, ನೀವು ಬರೆದದ್ದು ಓದಿ ನಮ್ಮ ಅಜ್ಜನ ಮನೆಯ ಸುರಂಗ ನೆನಪಾಯಿತು.

2023ರ ಆಗಸ್ಟ್ ಇಡೀ ದೇಶಕ್ಕೆ 1901ರಿಂದೀಚೆಗೆ ಅತಿ ಒಣ ಆಗಸ್ಟ್. ಆ ವರ್ಷ ಎಲ್ ನಿನೊ ಇತ್ತು. ಶಾಂತ ಸಾಗರದ ನಡು ಮತ್ತು ಪೂರ್ವ ಭಾಗದ ನೀರು ವಾಡಿಕೆಗಿಂತ ಬಿಸಿಯಾದರೆ, ಗಾಳಿ ಮೇಲೇಳುವ ಜಾಗ ಆ ಕಡೆ ಸರಿಯುತ್ತದೆ. ಅಲ್ಲಿ ಎದ್ದ ಗಾಳಿ ಎಲ್ಲಾದರೂ ಇಳಿಯಬೇಕಲ್ಲ. ನಮ್ಮ ಕಡೆ ಇಳಿಯುತ್ತದೆ. ಇಳಿಯುವ ಗಾಳಿಯಲ್ಲಿ ಮೋಡ ಬೆಳೆಯುವುದಿಲ್ಲ. ಇದರ ಸುಳಿವು ಮೊದಲು ಸಿಕ್ಕಿದ್ದು ನಮ್ಮ ದೇಶದ ಮಳೆಯ ಲೆಕ್ಕದಿಂದಲೇ. 1904ರಿಂದ 1924ರವರೆಗೆ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಬರಗಾಲವನ್ನು ಮೊದಲೇ ತಿಳಿಯುವ ದಾರಿ ಹುಡುಕುತ್ತಾ ಹೋದರು. ಶಾಂತ ಸಾಗರದ ಎರಡು ಬದಿಯ ಒತ್ತಡ ತಕ್ಕಡಿಯ ಹಾಗೆ ಏರಿ ಇಳಿಯುವುದನ್ನು ಕಂಡರು. ಹೀಗೆ ಎದ್ದು ಇಳಿಯುವ ಆ ಗಾಳಿಯ ಚಕ್ರಕ್ಕೆ ಈಗಲೂ ಅವರದ್ದೇ ಹೆಸರು.

ಆದರೆ ಎಲ್ ನಿನೊ ಬಂದರೆ ಬರ ಖಂಡಿತ ಅಂತ ಅಲ್ಲ. 1997ರಲ್ಲಿ ಭಾರಿ ಎಲ್ ನಿನೊ ಇತ್ತು, ದೇಶದ ಮಳೆ ಮಾತ್ರ ವಾಡಿಕೆಯಷ್ಟೇ ಬಂತು. ನಮ್ಮ ಹಿಂದೂ ಮಹಾಸಾಗರದಲ್ಲೂ ಒಂದು ತಕ್ಕಡಿ ಉಂಟು. ಪಶ್ಚಿಮ ಬಿಸಿಯಾಗಿ ಸುಮಾತ್ರದ ಬದಿ ತಂಪಾದರೆ ನಮಗೆ ಅನುಕೂಲ. ಇದನ್ನು 1999ರಲ್ಲಿ ಸಜಿ ಮತ್ತು ಯಮಗಾಟ ಮೊದಲಾದವರು ಗುರುತಿಸಿದರು. 2019ರಲ್ಲಿ ಆ ತಕ್ಕಡಿ ತುಂಬಾ ವಾಲಿತ್ತು.

ತಿಂಗಳೊಳಗಿನ ಬಿಡುವಿಗೆ ಬೇರೆ ಕಾರಣ. 1971ರಲ್ಲಿ ಮಾಡೆನ್ ಮತ್ತು ಜೂಲಿಯನ್ ಕಂಡುಹಿಡಿದ ಒಂದು ಮೋಡದ ಅಲೆ ಉಂಟು. 30ರಿಂದ 60 ದಿನಕ್ಕೆ ಭೂಮಿಗೆ ಒಂದು ಸುತ್ತು ಬರುತ್ತದೆ, ಪಶ್ಚಿಮದಿಂದ ಪೂರ್ವಕ್ಕೆ. ಅದು ಹಿಂದೂ ಮಹಾಸಾಗರದ ಮೇಲಿದ್ದರೆ ನಮಗೆ ಮಳೆಗೆ ಬಲ, ದಾಟಿ ಹೋದರೆ ಬಿಡುವು. ಮೊದಲು ಅದು ಹಿಂದೂ ಮಹಾಸಾಗರದ ಮೇಲೆ ಸುಮಾರು 19 ದಿನ ಇರುತ್ತಿತ್ತು. ಈಗ 15ಕ್ಕೆ ಇಳಿದಿದೆ. ಆಚೆ ಶಾಂತ ಸಾಗರದ ಪಶ್ಚಿಮ ಬದಿಯಲ್ಲಿ ಇರುವ ದಿನ 18ರಿಂದ 23ಕ್ಕೆ ಏರಿದೆ. 2019ರಲ್ಲಿ ಬಂದ ಅಧ್ಯಯನ ಇದು. ಅಲ್ಲಿ ಬಿಸಿ ನೀರಿನ ಹರವು ದೊಡ್ಡದಾದದ್ದೇ ಕಾರಣ.

ಸಾವಿರಾರು ಕಿಲೋಮೀಟರ್ ಆಚೆ ಕಡಲು ಕಾದದ್ದಕ್ಕೂ ನಮ್ಮ ಮೇಲಿನ ಮೋಡ ಬೇಗ ಹೊರಟು ಹೋಗುವುದಕ್ಕೂ ಸಂಬಂಧ ಉಂಟು. ನನಗೆ ಈ ಕೆಲಸದಲ್ಲಿ ಮನಸ್ಸು ನಿಂತದ್ದು ಇದನ್ನು ತಿಳಿದ ಮೇಲೆಯೇ.

ಉಪ್ಪಳ ಕಡಪ್ಪುರ

ಕಡಲಿನ ಬದಿಯವರದ್ದೂ ಒಂದು ಮಾತು ಸೇರಿಸಿ. ಮೊದಲು ತೂಫಾನು ಅಂದರೆ ಆಚೆ ಬಂಗಾಳದ ಬದಿ, ಒಡಿಶಾ, ಆಂಧ್ರ ಅಂತಲೇ ನಮ್ಮ ಲೆಕ್ಕ. ಈಗ ನಮ್ಮ ಕಡಲಿನ ತೂಫಾನುಗಳ ಹೆಸರು ಮಕ್ಕಳಿಗೂ ಬಾಯಿಪಾಠ. 2017ರಲ್ಲಿ ಓಖಿ. 2019ರಲ್ಲಿ ಒಂದೇ ವರ್ಷ ವಾಯು, ಹಿಕ್ಕಾ, ಕ್ಯಾರ್, ಮಹಾ, ಪವನ್ ಅಂತ ಐದು. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಎದುರೇ ಬಡಗು ದಿಕ್ಕಿಗೆ ಹೋಯಿತು. ಅದು ದಡ ಮುಟ್ಟಿದ್ದು ಗುಜರಾತಿನಲ್ಲಿ. ಆದರೆ ಅಲೆ ಬಡಿದದ್ದು ನಮ್ಮ ತೆಂಗಿನ ಬುಡಕ್ಕೆ. ಬೇರು ಹೊರಗೆ ಬಂದು ಮರಗಳು ಒಂದರ ಹಿಂದೆ ಒಂದು ಕಡಲಿಗೆ ಬಾಗಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಇನ್ನೊಂದು ಕಷ್ಟ ಗಡಿಯದ್ದು. ಟ್ರಾಲಿಂಗ್ ನಿಷೇಧ ಕೇರಳದಲ್ಲಿ 52 ದಿನ, ಕರ್ನಾಟಕದಲ್ಲಿ 61. ಎರಡೂ ಕಡೆ ಜುಲೈ 31ಕ್ಕೆ ಮುಗಿಯುತ್ತದೆ. ಆಗ ಕಡಲು ಇಳಿಯುತ್ತದೆ ಅನ್ನುವುದು ಹಿಂದಿನ ಅಂದಾಜು. ಈಗ ಆಗಸ್ಟಿನಲ್ಲೂ ಗಾಳಿ ಏಕಾಏಕಿ ನುಗ್ಗುತ್ತದೆ. ಹೋಗಬೇಡಿ ಅಂತ ಎಚ್ಚರಿಕೆ ಬರುತ್ತದೆ. ದೋಣಿ ದಡದಲ್ಲೇ ಇರುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಬೂತಾಯಿ, ಬಂಗುಡೆ ತಿನ್ನುವವರು ಕ್ರಯ ಜಾಸ್ತಿ ಅನ್ನುವಾಗ ಇದನ್ನೂ ನೆನಪಿಟ್ಟುಕೊಳ್ಳಿ.

ಪೆರ್ಲದ ವಿದ್ಯಾರ್ಥಿನಿ

ನನಗೊಂದು ಸಂಶಯ. ಯುರೋಪಿನಲ್ಲಿ ಬಿಸಿಗಾಳಿ ಬಂದಾಗೆಲ್ಲ ಜೆಟ್ ಸ್ಟ್ರೀಮ್ ಅಂತ ಹೇಳುತ್ತಾರೆ. ಅದಕ್ಕೂ ನಮ್ಮ ಮಳೆಗೂ ಸಂಬಂಧ ಉಂಟಾ?

ಪುಣೆಯಲ್ಲಿರುವ ಪೈವಳಿಕೆಯವ

ಕೆಲವೊಮ್ಮೆ ಉಂಟು ತಂಗಿ. ಅದು ತುಂಬಾ ಮೇಲೆ, ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಓಡುವ ಗಾಳಿ. ಹಾವಿನ ಹಾಗೆ ಬಳುಕುತ್ತದೆ. ಬಳುಕು ಒಂದೇ ಕಡೆ ಸಿಕ್ಕಿಕೊಂಡರೆ ಅಲ್ಲಿನ ಹವೆಯೂ ಸಿಕ್ಕಿಕೊಳ್ಳುತ್ತದೆ. 2010ರ ಬೇಸಿಗೆಯಲ್ಲಿ ರಷ್ಯಾದಲ್ಲಿ ವಾರಗಟ್ಟಲೆ ಬೆಂಕಿಯಂಥ ಬಿಸಿ, ಅದೇ ಹೊತ್ತಿಗೆ ಪಾಕಿಸ್ತಾನದಲ್ಲಿ ಭಯಂಕರ ನೆರೆ. ಎರಡಕ್ಕೂ ಕೊಂಡಿ ಇದ್ದದ್ದು ಅಂಥ ಒಂದು ಬಳುಕಿನಲ್ಲಿ. ಉತ್ತರ ಧ್ರುವ ಬೇಗ ಕಾಯುವುದರಿಂದ ಈ ಬಳುಕು ಹೆಚ್ಚುತ್ತಿದೆಯಾ ಅನ್ನುವುದರ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ವಾದ ನಡೆಯುತ್ತಿದೆ. ನಮ್ಮ ಕರಾವಳಿಗೆ ಅದಕ್ಕಿಂತ ಅರಬ್ಬಿ ಕಡಲಿನ ಕಥೆಯೇ ಹತ್ತಿರದ್ದು.

ನೀರ್ಚಾಲಿನ ಕೃಷಿಕ

ಎಲ್ಲರಿಗೂ ತುಂಬಾ ಧನ್ಯವಾದ. ನನ್ನ ಗುಡುಗಿನ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಪುಣೆಯಲ್ಲಿರುವ ಪೈವಳಿಕೆಯವ

ಕ್ಷಮಿಸಿ ಅಣ್ಣ, ಅದೇ ಬಿಟ್ಟುಹೋಯಿತು. ನಮ್ಮ ಕಡೆ ಮಳೆಗಾಲದ ನಡುವಿನ ಮೋಡ ಸಾಧಾರಣವಾಗಿ ತಗ್ಗಿನದ್ದು. ಘಟ್ಟಕ್ಕೆ ಒರಗಿ ನಿಂತು ಎಡೆಬಿಡದೆ ಸುರಿಸುತ್ತದೆ. ಗುಡುಗು ಹುಟ್ಟಲು ಮೋಡ ತುಂಬಾ ಎತ್ತರಕ್ಕೆ ಬೆಳೆದು ಮೇಲ್ಭಾಗದಲ್ಲಿ ಮಂಜುಗಡ್ಡೆ ಆಗಬೇಕು. ಬೇಸಿಗೆಯ ಮಳೆಗೂ ತುಲಾವರ್ಷಕ್ಕೂ (ಅಕ್ಟೋಬರ್–ನವೆಂಬರಿನ ಮಳೆ) ಅಂಥ ಮೋಡ ಬರುತ್ತದೆ, ಆಟಿಯಲ್ಲಿ ಬರುವುದು ಅಪರೂಪ. ಈಗ ಪಶ್ಚಿಮ ಕರಾವಳಿಯ ಮಳೆಗಾಲದ ಮೋಡಗಳೇ ಹೆಚ್ಚು ಎತ್ತರಕ್ಕೆ ಬೆಳೆಯುತ್ತಿವೆ ಅಂತ ಕೊಚ್ಚಿ ವಿಶ್ವವಿದ್ಯಾಲಯದ ಅಭಿಲಾಷ್ ಮತ್ತು ಜೊತೆಗಾರರು 2022ರಲ್ಲಿ ತೋರಿಸಿದ್ದಾರೆ. ಕೆಳಗೆ ಕಡಲು ಬಿಸಿ, ಗಾಳಿಯಲ್ಲಿ ತೇವ ಜಾಸ್ತಿ, ಮೋಡ ಮೇಲಕ್ಕೆ ಚಿಮ್ಮುತ್ತದೆ. ಅಂಥ ಮೋಡ ಎರಡು ಮೂರು ಗಂಟೆಯಲ್ಲೇ ಇಡೀ ದಿನದ ಮಳೆ ಸುರಿಸಬಲ್ಲದು.

ಒಂದು ರಾತ್ರಿಯ ಒಂದು ಗುಡುಗಿನಿಂದ ಏನೂ ತೀರ್ಮಾನ ಮಾಡಲಾಗದು. ಆದರೆ ಅಮ್ಮ ಕೇಳಿದ ಪ್ರಶ್ನೆ ಬಹಳ ಸರಿಯಾದದ್ದು ಅಂತ ಅವರಿಗೆ ಹೇಳಿ. ಅಜ್ಜನ ಪುಸ್ತಕದಲ್ಲಿ ಗುಡುಗು ಬರೆದಿದ್ದಾರಾ ನೋಡುವಿರಾ?

ಬದಿಯಡ್ಕ ಅಡಿಕೆ

ವಿಜ್ಞಾನ ಓದಿದೆ, ಖುಷಿಯಾಯಿತು. ಈಗ ಮದ್ದಿನ ಮಾತು. ನಾನು ಈಗ ಪತ್ತನಾಜೆ (ತುಳುವಿನ ಬೇಶ ತಿಂಗಳ ಹತ್ತನೇ ದಿನ, ಮೇ ಕೊನೆಯ ಹೊತ್ತು) ನೋಡಿಕೊಂಡು ಕೂರುವುದಿಲ್ಲ. ಮೇ 10 ಕಳೆದ ಕೂಡಲೇ ಹವಾಮಾನ ಇಲಾಖೆಯ ಮುನ್ಸೂಚನೆ ದಿನಾ ನೋಡುತ್ತೇನೆ. ಎರಡು ದಿನ ಒಣ ಅಂತ ಕಂಡರೆ ಮೊದಲನೇ ಮದ್ದು ಮುಗಿಸುತ್ತೇನೆ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಅದರಲ್ಲಿ ಬದಲಿಲ್ಲ. ಅವಸರದಲ್ಲಿ ಕತ್ತಿ ಅದ್ದಿ ನೋಡುವುದನ್ನು ಬಿಡಬೇಡಿ. ಅಲಗಿಗೆ ಕೆಂಪು ಹಿಡಿದರೆ ಸುಣ್ಣ ಇನ್ನೂ ಬೇಕು ಅಂತ ಅರ್ಥ. ಎರಡನೇ ಮದ್ದಿಗೆ 40–45 ದಿನ ಅಂತ ಲೆಕ್ಕ. ಆದರೆ ತಾರೀಕು ಹಿಡಿದು ಕೂತರೆ ಆಗದು, ಬಿಡುವು ಸಿಕ್ಕಿದ ದಿನವೇ ಆಗಬೇಕು. ಮದ್ದು ಬಿಡುವವರು ಆ ದಿನ ಸಿಗುವುದೇ ದೊಡ್ಡ ಕಷ್ಟ. ನಾವು ಐದು ಮನೆಯವರು ಸೇರಿ ಒಬ್ಬರನ್ನು ಮಾತಾಡಿ ಇಟ್ಟಿದ್ದೇವೆ.

ವರ್ಕಾಡಿಯ ಹಳಬ

ನಾನು ಮೊದಲು ಬರೆದದ್ದನ್ನು ಪೂರ್ತಿ ಹಿಂದೆ ತೆಗೆದುಕೊಳ್ಳುವುದಿಲ್ಲ. ಗುಡ್ಡೆ ಕಡಿಯುವುದು ನಿಲ್ಲಬೇಕು. ಆದರೆ ಬಿಸಿಯ ಮಾತನ್ನೂ ಒಪ್ಪುತ್ತೇನೆ. ನಮ್ಮ ವಠಾರದಲ್ಲಿ ಮಳೆ ಅಳೆಯುವವರು ಒಬ್ಬರೂ ಇಲ್ಲ. ಪಾತ್ರೆ ಹೇಗಿರಬೇಕು, ಎಲ್ಲಿ ಇಡಬೇಕು ಹೇಳಿದರೆ ನಾಳೆಯಿಂದಲೇ ಬರೆಯುತ್ತೇನೆ. ಬೆಳಿಗ್ಗೆ ನನಗೆ ಹೇಗೂ ಬೇರೆ ಕೆಲಸ ಇಲ್ಲ.

ಕುಂಬಳೆ ಟೀಚರ್

ತುಂಬಾ ಸಂತೋಷ. ತಳ ಸಮತಟ್ಟಾಗಿರುವ, ಬಾಯಿಂದ ತಳದವರೆಗೆ ಒಂದೇ ಅಗಲ ಇರುವ ಪಾತ್ರೆ ಆಗಬೇಕು. ಮಾಡಿನ ನೀರು, ಮರದ ಹನಿ ಬೀಳದ ಜಾಗದಲ್ಲಿಡಿ. ದಿನಾ ಬೆಳಿಗ್ಗೆ ಎಂಟೂವರೆಗೆ ಸ್ಕೇಲು ಇಟ್ಟು ಅಳೆದು ಚೆಲ್ಲಿ. ಇಲಾಖೆಯವರೂ ಅದೇ ಹೊತ್ತಿಗೆ ಅಳೆಯುತ್ತಾರೆ, ಹೋಲಿಸಿ ನೋಡಬಹುದು. 64.5 ಮಿ.ಮೀ. ದಾಟಿದರೆ ಭಾರಿ ಮಳೆ, 204.4 ದಾಟಿದರೆ ಅತ್ಯಂತ ಭಾರಿ. ಸೊನ್ನೆ ಇದ್ದ ದಿನವೂ ಸೊನ್ನೆ ಅಂತ ಬರೆಯಲೇಬೇಕು. ಗುಡುಗಿದರೆ ಪಕ್ಕದಲ್ಲಿ "ಗು" ಅಂತ ಹಾಕಿ.

ನೀರ್ಚಾಲಿನ ಕೃಷಿಕ

ನಿನ್ನೆ ರಾತ್ರಿ ಅಮ್ಮನೂ ನಾನೂ ಕೂತು ಅಜ್ಜನ ಪುಸ್ತಕ ನೋಡಿದೆವು. ಅಜ್ಜ ಗುಡುಗನ್ನು ಬೇರೆಯಾಗಿ ಬರೆದಿದ್ದಾರೆ! ಪಗ್ಗು, ಬೇಶ ತಿಂಗಳಲ್ಲಿ (ಏಪ್ರಿಲ್ ನಡುವಿನಿಂದ ಜೂನ್ ನಡುವಿನವರೆಗೆ) ಧಾರಾಳ ಇದೆ. ಮತ್ತೆ ಬರುವುದು ನವರಾತ್ರಿ ಕಳೆದ ಮೇಲೆ. ನಮ್ಮ ಕೈಗೆ ಸಿಕ್ಕಿದ ಹಾಳೆಗಳಲ್ಲಿ ಆಟಿಯ ಗುಡುಗು ಒಂದೇ ಒಂದು ಸಲ ಇದೆ. ಅದರ ಕೆಳಗೆ ಅಜ್ಜ ಗೆರೆ ಎಳೆದು "ಆಶ್ಚರ್ಯ" ಅಂತ ಬರೆದಿದ್ದಾರೆ. ಎರಡು ಪುಸ್ತಕಕ್ಕೆ ಗೆದ್ದಲು ಹಿಡಿದಿದೆ. ಉಳಿದವನ್ನು ಬಿಸಿಲು ಕಂಡ ದಿನ ಒಣಗಿಸಿ, ಒಂದೊಂದೇ ಹಾಳೆ ಫೋಟೊ ತೆಗೆದು ಇಲ್ಲಿ ಹಾಕುತ್ತೇನೆ. ಪೆರ್ಲದ ತಂಗಿ, ಕಂಪ್ಯೂಟರಿಗೆ ಏರಿಸಲು ನೀವು ಸಹಾಯ ಮಾಡಬಹುದಾ? ಅಕ್ಷರ ಮೋಡಿಯದ್ದು, ಕೂಡಿಸಿ ಬರೆಯುವ ಹಳೆ ಬರಹ. ಅಮ್ಮ ಓದಿ ಹೇಳುತ್ತಾರೆ.

ಪೆರ್ಲದ ವಿದ್ಯಾರ್ಥಿನಿ

ಖಂಡಿತ ಅಣ್ಣ. ಭಾನುವಾರ ಹತ್ತು ಗಂಟೆಯ ಬಸ್ಸಿಗೆ ಬರುತ್ತೇನೆ. ಅಡೂರಿನ ಅಕ್ಕ, ದಂಬೆಯ ನೀರಿನಲ್ಲಿ ಒಂದು ಕೊಡ ತುಂಬಲು ಎಷ್ಟು ನಿಮಿಷ ಬೇಕು ಅಂತ ವಾರಕ್ಕೊಮ್ಮೆ ನೋಡಿ ಬರೆದಿಡುವಿರಾ? ಅದನ್ನೂ ಅದೇ ಪಟ್ಟಿಯಲ್ಲಿ ಸೇರಿಸುತ್ತೇನೆ.

ಅಡೂರು ಗುಡ್ಡೆಮನೆ

ಈಗಲೇ ನೋಡಿ ಬಂದೆ. ಇವತ್ತು ಒಂದು ನಿಮಿಷವೂ ಬೇಡ.